200 ಬಾರ್ ಒತ್ತಡದಲ್ಲಿ ಒಂದು ಮೋಲ್ ಅನಿಲಕ್ಕೆ ಎಷ್ಟು ಜಾಗ ಬೇಕು?

ಕಾಸರಗೋಡಿನಲ್ಲಿ ಪ್ಲಸ್ ಟು ವಿದ್ಯಾರ್ಥಿಗಳಿಗೂ ವಿಜ್ಞಾನ ಶಿಕ್ಷಕರಿಗೂ ಕೊಟ್ಟ ಉಪನ್ಯಾಸದ ಬರಹ ರೂಪ

ಕೊಚ್ಚಿಯಿಂದ ಮಂಗಳೂರಿಗೆ ಹೋಗುವ ಗ್ಯಾಸ್ ಪೈಪ್‌ಲೈನ್ ನಮ್ಮ ಜಿಲ್ಲೆಯ ನೆಲದಡಿಯಲ್ಲೇ ಹಾದು ಹೋಗುತ್ತದೆ. ಸುಮಾರು 450 ಕಿಲೋಮೀಟರ್ ಉದ್ದದ ಪೈಪ್. 2021ರ ಜನವರಿ 5ರಂದು ಅದರ ಉದ್ಘಾಟನೆ ಆಯಿತು. ಕೊನೆಯ ಹಂತದಲ್ಲಿ ಕೆಲಸ ತಡವಾದದ್ದು ನಮ್ಮ ಚಂದ್ರಗಿರಿ ಹೊಳೆಯನ್ನು ದಾಟಿಸುವಾಗ. ನಿಮ್ಮಲ್ಲಿ ಕೆಲವರು ಆ ಕೆಲಸವನ್ನು ಕಣ್ಣಾರೆ ನೋಡಿರಬಹುದು.

ಆ ಪೈಪಿನಲ್ಲಿ ಹೋಗುವುದು ಹೆಚ್ಚಿನ ಪಾಲು ಮೀಥೇನ್. ಅದೇ ಅನಿಲವನ್ನು 200 ಬಾರ್ ಒತ್ತಡಕ್ಕೆ ಒತ್ತಿ ಸಿಲಿಂಡರಿಗೆ ತುಂಬಿದರೆ ಅದು ಸಿಎನ್‌ಜಿ. 1 ಬಾರ್ ಅಂದರೆ ಹೆಚ್ಚು ಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ. ಇವತ್ತಿನ ಲೆಕ್ಕ ಇಷ್ಟೇ. ಒಂದು ಕಾರಿನ ಹಿಂದುಗಡೆ 60 ಲೀಟರಿನ ಸಿಲಿಂಡರ್ ಇದೆ. ಒತ್ತಡ 200 ಬಾರ್. ತಾಪ 300 ಕೆಲ್ವಿನ್, ಅಂದರೆ 27 ಡಿಗ್ರಿ. ನಮ್ಮೂರಿನಲ್ಲಿ ವರ್ಷವಿಡೀ ಹೆಚ್ಚು ಕಡಿಮೆ ಇದೇ ತಾಪ, ಹಾಗಾಗಿ ಇದನ್ನೇ ಇಟ್ಟುಕೊಳ್ಳೋಣ. ಸಿಲಿಂಡರಿನಲ್ಲಿ ಎಷ್ಟು ಕಿಲೋ ಮೀಥೇನ್ ಇದೆ?

ಇದಕ್ಕೆ ಉತ್ತರ ಹೇಳಬೇಕಾದರೆ ಒಂದು ಸಂಖ್ಯೆ ಗೊತ್ತಾದರೆ ಸಾಕು. ಆ ಒತ್ತಡದಲ್ಲಿ, ಆ ತಾಪದಲ್ಲಿ ಒಂದು ಮೋಲ್ (ಅಣುಗಳ ಒಂದು ನಿಗದಿತ ಎಣಿಕೆ, ಡಜನ್ ಇದ್ದ ಹಾಗೆ) ಮೀಥೇನ್ ಎಷ್ಟು ಜಾಗ ಹಿಡಿಯುತ್ತದೆ? ಅದೇ ಮೋಲಾರ್ ಗಾತ್ರ. 60 ಲೀಟರನ್ನು ಅದರಿಂದ ಭಾಗಿಸಿದರೆ ಎಷ್ಟು ಮೋಲ್ ಅಂತ ಸಿಗುತ್ತದೆ. ಒಂದು ಮೋಲಿಗೆ 16.04 ಗ್ರಾಂ. ಉಳಿದದ್ದು ಗುಣಾಕಾರ.

ಮೋಲಾರ್ ಗಾತ್ರ ಅಂದ ಕೂಡಲೇ ಕೆಲವರ ಬಾಯಿಗೆ 22.4 ಲೀಟರ್ ಬರುತ್ತದೆ. ಆ ಸಂಖ್ಯೆ 0 ಡಿಗ್ರಿ ತಾಪಕ್ಕೆ, 1 ಅಟ್ಮಾಸ್ಫಿಯರ್ ಒತ್ತಡಕ್ಕೆ ಮಾತ್ರ. ಅದನ್ನು ಈ ಕ್ಷಣ ಮರೆತುಬಿಡಿ. ಪಿವಿ ಸಮ ಎನ್‌ಆರ್‌ಟಿ ಅಂತ ಎದುರಿನ ಬೆಂಚಿನವರು ಹೇಳಿದಿರಿ, ಅದು ಸರಿಯಾದ ಆರಂಭ. ಅದೇ ಆದರ್ಶ ಅನಿಲದ ಸೂತ್ರ. ಪಿ ಒತ್ತಡ, ವಿ ಗಾತ್ರ, ಎನ್ ಮೋಲ್‌ಗಳ ಸಂಖ್ಯೆ, ಟಿ ತಾಪ. ಆರ್ ಅಂದರೆ ಅನಿಲ ಸ್ಥಿರಾಂಕ, ಅದರ ಬೆಲೆ 0.083145, ಲೀಟರ್ ಮತ್ತು ಬಾರ್ ಲೆಕ್ಕದಲ್ಲಿ. ಅದನ್ನು 300ರಿಂದ ಗುಣಿಸಿದರೆ 24.943. ಅದನ್ನು 200ರಿಂದ ಭಾಗಿಸಿದರೆ 0.1247 ಲೀಟರ್. ಅಂದರೆ ಒಂದು ಮೋಲಿಗೆ 124.7 ಮಿಲಿಲೀಟರ್. 60 ಲೀಟರಿನಲ್ಲಿ 481 ಮೋಲ್, ತೂಕ 7.7 ಕಿಲೋ.

ಈ ಉತ್ತರವನ್ನು ಒಂದು ಕಡೆ ಬರೆದಿಡಿ. ಇದು ತಪ್ಪು. ಎಷ್ಟು ತಪ್ಪು, ಯಾಕೆ ತಪ್ಪು, ಸರಿ ಮಾಡುವುದು ಹೇಗೆ ಅನ್ನುವುದೇ ಇವತ್ತಿನ ಮಾತು.

ಇದೇ ಸೂತ್ರವನ್ನು 1 ಬಾರ್ ಒತ್ತಡದಲ್ಲಿ ಹಾಕಿದರೆ ಒಂದು ಮೋಲಿಗೆ 24.9 ಲೀಟರ್ ಅನ್ನುತ್ತದೆ. ಅಳೆದು ನೋಡಿದರೂ ಹೆಚ್ಚು ಕಡಿಮೆ ಅಷ್ಟೇ ಬರುತ್ತದೆ. ಹಾಗಾದರೆ 200 ಬಾರ್‌ನಲ್ಲಿ ಏನು ಕೆಟ್ಟಿತು? ಅಣುಗಳ ನಡುವಿನ ದೂರವನ್ನು ನೋಡೋಣ. 1 ಬಾರ್‌ನಲ್ಲಿ ಒಂದೊಂದು ಅಣುವಿನ ಪಾಲಿಗೆ ಬರುವ ಜಾಗವನ್ನು ಒಂದು ಚೌಕದ ಪೆಟ್ಟಿಗೆ ಅಂದುಕೊಂಡರೆ, ಪೆಟ್ಟಿಗೆಯ ಒಂದು ಬದಿ ಸುಮಾರು 3.5 ನ್ಯಾನೋಮೀಟರ್. ಮೀಥೇನ್ ಅಣುವಿನ ಅಡ್ಡಳತೆ ಸುಮಾರು 0.38 ನ್ಯಾನೋಮೀಟರ್. ಅಂದರೆ ಪಕ್ಕದ ಅಣು ಒಂಬತ್ತು ಅಣುಗಳಷ್ಟು ದೂರ. ಯಾರಿಗೆ ಯಾರೂ ಗೊತ್ತಾಗುವುದಿಲ್ಲ. 200 ಬಾರ್‌ನಲ್ಲಿ ಆ ಪೆಟ್ಟಿಗೆಯ ಬದಿ 0.6 ನ್ಯಾನೋಮೀಟರಿಗಿಂತ ಕಡಿಮೆ. ಪಕ್ಕದ ಅಣು ಒಂದೂವರೆ ಅಣುವಿನಷ್ಟು ದೂರದಲ್ಲಿ ನಿಂತಿದೆ. ಅಣುಗಳಿಗೆ ಗಾತ್ರವೇ ಇಲ್ಲ, ಅವು ಒಂದನ್ನೊಂದು ಎಳೆಯುವುದೇ ಇಲ್ಲ ಅಂತ ಇಲ್ಲಿ ಹೇಳಲು ಆಗುವುದಿಲ್ಲ ಅಲ್ವಾ?

ಇದನ್ನು ಮೊದಲು ಸೂತ್ರಕ್ಕೆ ತಂದವರು ಯೊಹಾನ್ನೆಸ್ ಡಿಡೆರಿಕ್ ವಾನ್ ಡರ್ ವಾಲ್ಸ್. ಅವರು ಕೂಡಿಸಿದ್ದು ಎರಡೇ ಅಕ್ಷರ, ಎ ಮತ್ತು ಬಿ. ಮೊದಲು ಬಿ ನೋಡೋಣ, ಅದು ಸುಲಭ.

ಎರಡು ಗೋಟಡಿಕೆ ಕೈಗೆ ತೆಗೆದುಕೊಳ್ಳಿ. ಎರಡೂ ಒಂದೇ ಅಳತೆಯವು, ಉರುಟಾಗಿವೆ ಅಂದುಕೊಳ್ಳಿ. ಒಂದಕ್ಕೊಂದು ತಾಗಿಸಿ. ಈಗ ಇದರ ನಡುಬಿಂದುವಿನಿಂದ ಅದರ ನಡುಬಿಂದುವಿಗೆ ಎಷ್ಟು ದೂರ? ಒಂದು ಅಡಿಕೆಯ ಪೂರ್ತಿ ಅಡ್ಡಳತೆ. ಇದಕ್ಕಿಂತ ಹತ್ತಿರ ಬರಲು ಎರಡನೆಯ ಅಡಿಕೆಗೆ ಸಾಧ್ಯವಿಲ್ಲ. ಅಂದರೆ ಮೊದಲ ಅಡಿಕೆಯ ಸುತ್ತ, ಎರಡು ಪಟ್ಟು ತ್ರಿಜ್ಯದ ಒಂದು ಗೋಳದೊಳಗೆ ಎರಡನೆಯದರ ನಡುಬಿಂದುವಿಗೆ ಪ್ರವೇಶ ಇಲ್ಲ. ತ್ರಿಜ್ಯ ಎರಡು ಪಟ್ಟಾದರೆ ಗಾತ್ರ ಎಂಟು ಪಟ್ಟು. ಈ ನಿಷೇಧ ಇಬ್ಬರಿಗೂ ಸೇರಿದ್ದು, ಹಾಗಾಗಿ ಒಬ್ಬೊಬ್ಬರ ಪಾಲಿಗೆ ಅರ್ಧ, ನಾಲ್ಕು ಪಟ್ಟು. ಬಿ ಅಂದರೆ ಅಣುಗಳ ಗಾತ್ರ ಅಂತ ಸುಮ್ನೆ ಬರೆದುಬಿಡುತ್ತಾರೆ. ಅದು ಅಣುಗಳ ನಿಜವಾದ ಗಾತ್ರದ ನಾಲ್ಕು ಪಟ್ಟು. ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಕೇಳುತ್ತಾರೆ ಅಂತ ಹೇಳುತ್ತಿಲ್ಲ. ಆ ನಾಲ್ಕು ಎಲ್ಲಿಂದ ಬಂತು ಅಂತ ಗೊತ್ತಾದರೆ ಬಿ ನಿಮ್ಮದಾಗುತ್ತದೆ.

ಮೀಥೇನಿಗೆ ಬಿ ಬೆಲೆ ಮೋಲಿಗೆ 0.0431 ಲೀಟರ್, ಅಂದರೆ 43.1 ಮಿಲಿಲೀಟರ್. ನಾಲ್ಕರಿಂದ ಭಾಗಿಸಿದರೆ ಅಣುಗಳ ಸ್ವಂತ ಗಾತ್ರ 10.8 ಮಿಲಿಲೀಟರ್. 22.4 ಲೀಟರಿನ ನಡುವೆ ಇದು ಶೇಕಡಾ 0.05 ಕೂಡ ಇಲ್ಲ. ಲೆಕ್ಕಕ್ಕೆ ಹಿಡಿಯದಿದ್ದರೂ ನಡೆಯುತ್ತದೆ. ನಮ್ಮ ಸಿಲಿಂಡರಿನಲ್ಲಿ ಒಂದು ಮೋಲಿಗೆ ನೂರು ಚಿಲ್ಲರೆ ಮಿಲಿಲೀಟರ್ ಜಾಗ ಇರುವುದು. ಅಲ್ಲಿ 10.8 ಅಂದರೆ ಹತ್ತರಲ್ಲಿ ಒಂದು ಪಾಲು. ಓಡಾಡಲು ಸಿಗದ ಜಾಗ 43.1, ಅಂದರೆ ಹತ್ತರಲ್ಲಿ ನಾಲ್ಕು ಪಾಲಿಗಿಂತ ಜಾಸ್ತಿ.

ಇನ್ನು ಎ. ಅಣುಗಳು ಒಂದನ್ನೊಂದು ಎಳೆಯುತ್ತವೆ. ಪಾತ್ರೆಯ ನಡುವೆ ಇರುವ ಅಣುವನ್ನು ಎಲ್ಲ ಕಡೆಯಿಂದಲೂ ಸಮವಾಗಿ ಎಳೆಯುತ್ತವೆ, ಅದಕ್ಕೆ ಏನೂ ಆಗುವುದಿಲ್ಲ. ಗೋಡೆಗೆ ಬಡಿಯಲು ಹೊರಟ ಅಣುವನ್ನು ಹಿಂದಿನವು ಮಾತ್ರ ಎಳೆಯುತ್ತವೆ. ಅದು ಬಡಿಯುವ ರಭಸ ಕಡಿಮೆಯಾಗುತ್ತದೆ. ಎಷ್ಟು ಕಡಿಮೆ? ಬಡಿಯುವವರ ಸಂಖ್ಯೆ ದಟ್ಟಣೆಗೆ ತಕ್ಕ ಹಾಗೆ. ಹಿಂದೆ ಎಳೆಯುವವರ ಸಂಖ್ಯೆಯೂ ದಟ್ಟಣೆಗೆ ತಕ್ಕ ಹಾಗೆ. ಹಾಗಾಗಿ ಒತ್ತಡದಲ್ಲಿ ಆಗುವ ಇಳಿಕೆ ದಟ್ಟಣೆಯ ವರ್ಗಕ್ಕೆ ತಕ್ಕ ಹಾಗೆ, ಅಂದರೆ ಎ ಭಾಗಿಸು ವಿ ವರ್ಗ. ಮೀಥೇನಿಗೆ ಎ ಬೆಲೆ 2.303, ಲೀಟರ್ ವರ್ಗ ಗುಣಿಸು ಬಾರ್, ಭಾಗಿಸು ಮೋಲ್ ವರ್ಗ.

ಎರಡನ್ನೂ ಸೇರಿಸಿದರೆ, ಒಂದು ಮೋಲಿಗೆ ಹೀಗೆ:

(ಪಿ + ಎ/ವಿ²) × (ವಿ − ಬಿ) = ಆರ್‌ಟಿ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ವಾನ್ ಡರ್ ವಾಲ್ಸ್ ಬಗ್ಗೆ ನಿಮಗೆ ಹೇಳಲೇಬೇಕು. 1837ರಲ್ಲಿ ಹಾಲೆಂಡಿನ ಲೈಡನ್ ಊರಿನಲ್ಲಿ ಬಡಗಿಯ ಮಗನಾಗಿ ಹುಟ್ಟಿದವರು. ಹತ್ತು ಮಕ್ಕಳಲ್ಲಿ ದೊಡ್ಡವರು. ಪ್ರಾಥಮಿಕ ಶಾಲೆಯ ಮೇಷ್ಟ್ರಾದರು. ಯೂನಿವರ್ಸಿಟಿಯಲ್ಲಿ ಪರೀಕ್ಷೆ ಬರೆಯಬೇಕಾದರೆ ಆಗ ಲ್ಯಾಟಿನ್, ಗ್ರೀಕ್ ಬರಬೇಕಿತ್ತು. ಅವರು ಓದಿದ ಶಾಲೆಯಲ್ಲಿ ಅದನ್ನು ಕಲಿಸಿರಲಿಲ್ಲ. ಕೆಲಸ ಮಾಡುತ್ತಲೇ ಪಾಠ ಕೇಳಿದರು. ಮುಂದೆ ಆ ನಿಯಮದಿಂದ ವಿನಾಯಿತಿ ಸಿಕ್ಕಿತು. 1873ರಲ್ಲಿ ಪ್ರಬಂಧ ಬರೆದು ಡಾಕ್ಟರೇಟ್ ಪಡೆದರು. ಆ ಪ್ರಬಂಧದಲ್ಲೇ ಈ ಸಮೀಕರಣ ಬಂದದ್ದು. ಬರೆದದ್ದು ಅವರ ಸ್ವಂತ ಭಾಷೆಯಾದ ಡಚ್‌ನಲ್ಲಿ. ಬ್ರಿಟನ್ನಿನ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಅದನ್ನು ಓದಿ ವಿಮರ್ಶೆ ಬರೆದರು. ಈ ಪ್ರಬಂಧ ಒಂದಕ್ಕಿಂತ ಹೆಚ್ಚು ಸಂಶೋಧಕರನ್ನು ಡಚ್ ಭಾಷೆ ಕಲಿಯುವ ಕಡೆಗೆ ತಿರುಗಿಸಿದೆ ಎಂಬ ಅರ್ಥದ ಮಾತನ್ನು ಅಲ್ಲಿ ಹೇಳಿದ್ದಾರೆ. 1910ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು.

ಹತ್ತನೇ ತರಗತಿಯ ತನಕ ಕನ್ನಡದಲ್ಲಿ ಓದಿ, ಪ್ಲಸ್ ವನ್‌ಗೆ ಬಂದಾಗ ಇದ್ದಕ್ಕಿದ್ದಂತೆ ಇಂಗ್ಲಿಷ್ ಪುಸ್ತಕ ಕೈಗೆ ಬಂದ ಮಕ್ಕಳು ಇಲ್ಲಿ ಎಷ್ಟೋ ಮಂದಿ ಇದ್ದೀರಿ. ಸುತ್ತ ಮಲಯಾಳ, ಮನೆಯಲ್ಲಿ ತುಳುವೋ ಕನ್ನಡವೋ ಕೊಂಕಣಿಯೋ, ಪುಸ್ತಕ ಇಂಗ್ಲಿಷ್. ನಿಮಗೆ ಕಷ್ಟ ಆಗುತ್ತದೆ ಅಂತ ನನಗೆ ಗೊತ್ತು. ಅದಕ್ಕಾಗಿಯೇ ಇವತ್ತಿನ ಇಡೀ ಲೆಕ್ಕವನ್ನು ಕನ್ನಡದಲ್ಲಿ ಮಾಡುತ್ತಿದ್ದೇನೆ. ಲೆಕ್ಕ ಒಮ್ಮೆ ತಲೆಗೆ ಹೋದರೆ ಆಮೇಲೆ ಯಾವ ಭಾಷೆಯ ಪುಸ್ತಕದಲ್ಲಿ ಕಂಡರೂ ಗುರುತು ಸಿಗುತ್ತದೆ.

ಸರಿ, ಸಮೀಕರಣಕ್ಕೆ ಬರೋಣ. ಒತ್ತಡ ಬೇಕು ಅಂದರೆ ಇದು ತುಂಬಾ ಸುಲಭ. ಗಾತ್ರ ಕೊಟ್ಟರೆ ಒಂದೇ ಸಾಲಿನಲ್ಲಿ ಒತ್ತಡ ಸಿಗುತ್ತದೆ. ಹಾಗಾಗಿ ಪುಸ್ತಕದ ಪ್ರಶ್ನೆಗಳಲ್ಲಿ ಹೆಚ್ಚಿನವು ಒತ್ತಡವನ್ನೇ ಕೇಳುತ್ತವೆ. ನಮಗೆ ಬೇಕಾದದ್ದು ಗಾತ್ರ. ಗಾತ್ರ ಎರಡು ಕಡೆ ಕೂತಿದೆ, ಒಂದು ಕಡೆ ಕೆಳಗೆ ವರ್ಗವಾಗಿ. ಬಿಡಿಸಿ ಬರೆದರೆ ವಿ ಘನ ಇರುವ ಸಮೀಕರಣ ಬರುತ್ತದೆ. ನಮ್ಮ ಸಂಖ್ಯೆಗಳನ್ನು ಹಾಕಿದರೆ ಹೀಗೆ:

200 ವಿ³ − 33.563 ವಿ² + 2.303 ವಿ − 0.09926 = 0

ವಿ² ಮುಂದಿನ 33.563 ಎಲ್ಲಿಂದ ಬಂತು? 200 ಗುಣಿಸು 0.0431, ಅದು 8.62. ಅದಕ್ಕೆ ಆರ್‌ಟಿ ಅಂದರೆ 24.943 ಕೂಡಿಸಿ. ಕೊನೆಯದು ಎ ಗುಣಿಸು ಬಿ.

ಇದನ್ನು ಬಿಡಿಸಲು ಎರಡು ದಾರಿ. ಮೊದಲನೆಯದು ಕ್ಯಾಲ್ಕುಲೇಟರ್ ಮಾತ್ರ ಇದ್ದರೂ ನಡೆಯುವಂಥದ್ದು. ಸಮೀಕರಣವನ್ನು ಹೀಗೆ ತಿರುಗಿಸಿ ಬರೆಯಿರಿ:

ವಿ = ಆರ್‌ಟಿ / (ಪಿ + ಎ/ವಿ²) + ಬಿ

ಬಲಗಡೆಯ ವಿ ಜಾಗದಲ್ಲಿ ಆದರ್ಶ ಅನಿಲದ ಉತ್ತರವನ್ನು ಹಾಕಿ. 0.1247. ಅದರ ವರ್ಗದಿಂದ 2.303 ಭಾಗಿಸಿದರೆ 148. ಅದಕ್ಕೆ 200 ಕೂಡಿಸಿ, 348. 24.943ನ್ನು ಅದರಿಂದ ಭಾಗಿಸಿ, 0.0717. ಬಿ ಕೂಡಿಸಿ, 0.1148. ಈಗ ಈ ಹೊಸ ಸಂಖ್ಯೆಯನ್ನು ಬಲಗಡೆ ಹಾಕಿ. 0.1096 ಬರುತ್ತದೆ. ಮತ್ತೆ ಹಾಕಿ, 0.1068. ಮತ್ತೆ, 0.1052. ಮತ್ತೆ, 0.1042. ಇಳಿಯುತ್ತಿದೆ, ಆದರೆ ಇಳಿಯುವ ವೇಗ ಕಡಿಮೆಯಾಗುತ್ತಿದೆ. ಹೀಗೆ ಮಾಡುತ್ತಾ ಹೋದರೆ 0.1028ರಲ್ಲಿ ನಿಲ್ಲುತ್ತದೆ.

ಇಲ್ಲಿ ಬಹಳ ಮಂದಿ ಮಾಡುವ ಒಂದು ಕೆಲಸ ಇದೆ. ಒಂದು ಸಲ ಹಾಕಿ, 0.1148 ಬಂದ ಕೂಡಲೇ ಉತ್ತರ ಅಂತ ಗೆರೆ ಎಳೆದುಬಿಡುತ್ತಾರೆ. ಅದು ಉತ್ತರ ಅಲ್ಲ, ದಾರಿಯ ಮೊದಲ ಹೆಜ್ಜೆ. ಪ್ರತಿ ಸುತ್ತಿನಲ್ಲೂ ತಪ್ಪು ಹಿಂದಿನದರ ಸುಮಾರು 0.6 ಪಾಲಿಗೆ ಇಳಿಯುತ್ತದೆ, ಅಷ್ಟೇ. ಹಿಂದಿನ ಸುತ್ತಿಗೂ ಈ ಸುತ್ತಿಗೂ ನಿಮಗೆ ಬೇಕಾದ ಅಂಕೆಯ ತನಕ ವ್ಯತ್ಯಾಸ ಇಲ್ಲ ಅನ್ನುವವರೆಗೆ ಮಾಡಬೇಕು.

ಎರಡನೆಯ ದಾರಿ ನ್ಯೂಟನ್‌ನದ್ದು. ಪ್ಲಸ್ ಟು ಗಣಿತದಲ್ಲಿ ಡೆರಿವೇಟಿವ್ ಕಲಿತಿದ್ದೀರಿ. ಅದನ್ನು ಇಲ್ಲಿ ಬಳಸಿ. ಘನ ಸಮೀಕರಣದ ಎಡಭಾಗದ ಬೆಲೆಯನ್ನು ಅದರ ಡೆರಿವೇಟಿವ್‌ನಿಂದ ಭಾಗಿಸಿ, ಈಗಿನ ವಿ ಇಂದ ಕಳೆಯಿರಿ. ಡೆರಿವೇಟಿವ್ 600 ವಿ² − 67.126 ವಿ + 2.303. 0.1247ರಿಂದ ಶುರು ಮಾಡಿದರೆ 0.1082, ಆಮೇಲೆ 0.1032, ಆಮೇಲೆ 0.1028. ಮೂರೇ ಹೆಜ್ಜೆ. ಕೆಮಿಸ್ಟ್ರಿ ಕ್ಲಾಸಿಗೆ ಗಣಿತದ ನೋಟ್‌ಬುಕ್ ತರಬಾರದು ಅಂತ ಯಾರೂ ಹೇಳಿಲ್ಲ. ಎರಡೂ ವಿಷಯದ ಶಿಕ್ಷಕರು ಇಲ್ಲಿದ್ದೀರಿ. ಈ ಒಂದು ಲೆಕ್ಕವನ್ನು ಇಬ್ಬರೂ ಸೇರಿ ಒಂದೇ ದಿನ ಮಾಡಿಸಿ ನೋಡಿ.

ಉತ್ತರ 102.8 ಮಿಲಿಲೀಟರ್. ಆದರ್ಶ ಅನಿಲ ಹೇಳಿದ್ದು 124.7. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.824. ಈ ಪ್ರಮಾಣಕ್ಕೆ ಝೆಡ್ ಅನ್ನುತ್ತಾರೆ. ಅನಿಲ ಆದರ್ಶದಿಂದ ಎಷ್ಟು ದೂರ ಸರಿದಿದೆ ಅಂತ ಹೇಳುವ ಸಂಖ್ಯೆ ಅದು. 60 ಲೀಟರಿನಲ್ಲಿ ಈಗ 584 ಮೋಲ್, 9.4 ಕಿಲೋ. 7.7 ಅಂದಿದ್ದೆವು. ಒಂದೂವರೆ ಕಿಲೋಗಿಂತ ಜಾಸ್ತಿ ವ್ಯತ್ಯಾಸ. ಸಿಎನ್‌ಜಿಯನ್ನು ಲೀಟರಿನಲ್ಲಿ ಮಾರದೆ ಕಿಲೋ ಲೆಕ್ಕದಲ್ಲಿ ಯಾಕೆ ಮಾರುತ್ತಾರೆ ಅಂತ ಈಗ ಗೊತ್ತಾಯಿತಲ್ಲ. ಪಂಪಿನ ಮೀಟರ್ ಹರಿದು ಹೋಗುವ ಅನಿಲದ ದ್ರವ್ಯರಾಶಿಯನ್ನೇ ಅಳೆಯುತ್ತದೆ. ಅದರಲ್ಲೂ ಬೇಗ ಬೇಗ ತುಂಬಿಸುವಾಗ ಸಿಲಿಂಡರಿನೊಳಗೆ ಅನಿಲ ಬಿಸಿಯಾಗುತ್ತದೆ. ಗೇಜ್ 200 ತೋರಿಸಿದರೂ ಒಳಗೆ ಹೋದದ್ದು ಕಡಿಮೆ ಇರುತ್ತದೆ.

ಉತ್ತರ ಬಂತು ಅಂತ ಪುಸ್ತಕ ಮುಚ್ಚಬೇಡಿ. ನನಗೆ ಅತಿ ಇಷ್ಟವಾದ ಭಾಗ ಈಗ ಬರುವುದು. 102.8ನ್ನು ಹಿಂದಕ್ಕೆ ಹಾಕಿ, ಎರಡು ತಿದ್ದುಪಡಿಗಳನ್ನು ಬೇರೆ ಬೇರೆಯಾಗಿ ನೋಡಿ. ಓಡಾಡಲು ಸಿಗುವ ಜಾಗ 102.8 ಕಳೆ 43.1, ಅಂದರೆ 59.7 ಮಿಲಿಲೀಟರ್. ಎಳೆತ ಇಲ್ಲದೆ, ಇಷ್ಟೇ ಜಾಗದಲ್ಲಿ ಒಂದು ಮೋಲ್ ಓಡಾಡಿದರೆ ಗೋಡೆಯ ಮೇಲೆ ಬೀಳುವ ಒತ್ತಡ 418 ಬಾರ್! ಈಗ ಎ/ವಿ² ಎಷ್ಟು? 218 ಬಾರ್. 418ರಿಂದ 218 ಕಳೆದರೆ 200. ಗೇಜ್ ತೋರಿಸುತ್ತಿರುವ 200 ಬಾರ್‌ನ ಹಿಂದೆ ಇಷ್ಟು ದೊಡ್ಡ ಎರಡು ಬಲಗಳ ಜಗಳ ಇದೆ. ಗೋಡೆಯ ಮೇಲೆ ನಿಜವಾಗಿ ಬೀಳುವ ಒತ್ತಡಕ್ಕಿಂತ ಅಣುಗಳು ಒಂದನ್ನೊಂದು ಹಿಡಿದುಕೊಂಡಿರುವ ಎಳೆತವೇ ಜಾಸ್ತಿ. 1 ಬಾರ್‌ನಲ್ಲಿ ಈ ಎಳೆತದ ಪಾಲು ಎಷ್ಟು ಗೊತ್ತಾ? 0.004 ಬಾರ್ ಕೂಡ ಇಲ್ಲ.

ಈ ಜಗಳದಲ್ಲಿ ಯಾರು ಗೆಲ್ಲುತ್ತಾರೆ ಅನ್ನುವುದು ಝೆಡ್‌ನಲ್ಲಿ ಕಾಣುತ್ತದೆ. ಎಳೆತ ಗೆದ್ದರೆ ಅನಿಲ ಕುಗ್ಗುತ್ತದೆ, ಝೆಡ್ 1ಕ್ಕಿಂತ ಕೆಳಗೆ. ಅಣುಗಳ ಸ್ವಂತ ಗಾತ್ರ ಗೆದ್ದರೆ ಝೆಡ್ 1ಕ್ಕಿಂತ ಮೇಲೆ. ಮೀಥೇನ್ 200 ಬಾರ್‌ನಲ್ಲಿ ಮೊದಲ ಗುಂಪಿನಲ್ಲಿದೆ. ಇನ್ನೂ ಒತ್ತುತ್ತಾ ಹೋದರೆ ಒಂದು ಕಡೆ 1 ದಾಟಿ ಎರಡನೆಯ ಗುಂಪಿಗೆ ಹೋಗುತ್ತದೆ. ಹೈಡ್ರೋಜನ್ ಅಂತೂ ನಮ್ಮ ಸಾಮಾನ್ಯ ತಾಪದಲ್ಲಿ ಯಾವಾಗಲೂ ಎರಡನೆಯ ಗುಂಪು. ಅದರ ಎಳೆತ ಬಹಳ ಕಡಿಮೆ. ಹೈಡ್ರೋಜನ್ ಕಾರುಗಳ ಟ್ಯಾಂಕಿನ ಒತ್ತಡ 700 ಬಾರ್. 15 ಡಿಗ್ರಿಯಲ್ಲಿ ಆದರ್ಶ ಸೂತ್ರದ ಪ್ರಕಾರ ಒಂದು ಲೀಟರಿನಲ್ಲಿ 59 ಗ್ರಾಂ ಇರಬೇಕು. ನಿಜವಾಗಿ ಇರುವುದು 40 ಗ್ರಾಂ. ಝೆಡ್ ಸುಮಾರು 1.47. ಅಂದರೆ ಆದರ್ಶ ಸೂತ್ರ ಮೀಥೇನಿನಲ್ಲಿ ಕಡಿಮೆ ಹೇಳಿತು, ಹೈಡ್ರೋಜನ್‌ನಲ್ಲಿ ಜಾಸ್ತಿ ಹೇಳಿತು. ತಪ್ಪು ಯಾವ ಕಡೆಗೆ ಅನ್ನುವುದನ್ನು ಅನಿಲವೇ ಹೇಳಬೇಕು.

ಆಕ್ಸಿಜನ್ ನಡುವೆ ಬರುತ್ತದೆ. 2021ರ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಆಕ್ಸಿಜನ್ ಸಿಲಿಂಡರಿಗಾಗಿ ಎಷ್ಟು ಓಡಾಟ ಆಯಿತು ಅಂತ ನಿಮಗೆಲ್ಲ ನೆನಪಿದೆ. ಆಸ್ಪತ್ರೆಯ ದೊಡ್ಡ ಸಿಲಿಂಡರ್, ಡಿ ಟೈಪ್ ಅನ್ನುತ್ತಾರೆ. ನೀರು ತುಂಬಿಸಿದರೆ 46.7 ಲೀಟರ್ ಹಿಡಿಯುತ್ತದೆ. 150 ಬಾರ್‌ಗೆ ತುಂಬಿಸಿದರೆ, 1 ಬಾರ್ ಒತ್ತಡಕ್ಕೆ ಹೊರಗೆ ಬಿಟ್ಟಾಗ 7 ಘನಮೀಟರ್ ಆಕ್ಸಿಜನ್ ಅಂತ ಲೆಕ್ಕ. 46.7ನ್ನು 150ರಿಂದ ಗುಣಿಸಿ ನೋಡಿ, 7005 ಲೀಟರ್. ಅಂದರೆ ಆ 7 ಘನಮೀಟರ್ ಆದರ್ಶ ಅನಿಲದ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಆ ಒತ್ತಡದಲ್ಲಿ ಆಕ್ಸಿಜನ್‌ನ ಝೆಡ್ ಸುಮಾರು 0.95. ಹಾಗಾಗಿ ನಿಜವಾಗಿ ಶೇಕಡಾ 5ರಷ್ಟು ಜಾಸ್ತಿಯೇ ಇರುತ್ತದೆ. ರೋಗಿಗೆ ಎಷ್ಟು ಗಂಟೆ ಬರುತ್ತದೆ ಅಂತ ಲೆಕ್ಕ ಹಾಕುವಾಗ ಕಡಿಮೆ ಹಿಡಿಯುವುದೇ ಕ್ಷೇಮ. ಇಲ್ಲಿ ಆದರ್ಶ ಸೂತ್ರ ಸಾಕು. ಎಲ್ಲ ಕಡೆ ದೊಡ್ಡ ಸೂತ್ರವೇ ಬೇಕು ಅಂತ ನಾನು ಹೇಳುತ್ತಿಲ್ಲ.

ಈಗ ವಾನ್ ಡರ್ ವಾಲ್ಸ್ ಉತ್ತರವನ್ನು ಎಷ್ಟು ನಂಬಬಹುದು? ಮೀಥೇನಿಗೆ ಅದು 0.824 ಅಂದಿತು. ಅಳತೆ ಮಾಡಿದ ಬೆಲೆ 0.83ರ ಆಸುಪಾಸು. ತುಂಬಾ ಹತ್ತಿರ. ಇದನ್ನು ನೋಡಿ ಸೂತ್ರ ಎಲ್ಲ ಕಡೆ ಇಷ್ಟೇ ಚೆನ್ನಾಗಿ ನಡೆಯುತ್ತದೆ ಅಂದುಕೊಳ್ಳಬೇಡಿ. ಕಾರ್ಬನ್ ಡೈಆಕ್ಸೈಡ್ ತೆಗೆದುಕೊಳ್ಳಿ. 40 ಡಿಗ್ರಿ, 100 ಬಾರ್. ಕಾಫಿ ಬೀಜದಿಂದ ಕೆಫೀನ್ ತೆಗೆಯುವಂಥ ಕೆಲಸಕ್ಕೆ ಕಾರ್ಬನ್ ಡೈಆಕ್ಸೈಡನ್ನು ಇಂಥ ಸ್ಥಿತಿಯಲ್ಲೇ, ಇನ್ನೂ ಹೆಚ್ಚು ಒತ್ತಿ, ಬಳಸುತ್ತಾರೆ. ಆದರ್ಶ ಸೂತ್ರ ಮೋಲಿಗೆ 260 ಮಿಲಿಲೀಟರ್ ಅನ್ನುತ್ತದೆ. ವಾನ್ ಡರ್ ವಾಲ್ಸ್, ಎ 3.658, ಬಿ 0.0429 ಹಾಕಿದರೆ, 91 ಅನ್ನುತ್ತದೆ. ಅಳೆದರೆ ಸಿಗುವುದು 70. ಆದರ್ಶ ಸೂತ್ರ ಪೂರ್ತಿ ದಾರಿ ತಪ್ಪಿದೆ. ವಾನ್ ಡರ್ ವಾಲ್ಸ್ ದಾರಿಗೆ ಬಂದಿದೆ, ಆದರೂ ಶೇಕಡಾ 30ರಷ್ಟು ದೂರ ನಿಂತಿದೆ.

ಇಲ್ಲಿ ಯಾಕೆ ಇಷ್ಟು ಕಷ್ಟ? ಬೆಲ್‌ಫಾಸ್ಟ್‌ನಲ್ಲಿದ್ದ ಥಾಮಸ್ ಆಂಡ್ರೂಸ್ 1869ರಲ್ಲಿ ತೋರಿಸಿಕೊಟ್ಟರು. ಕಾರ್ಬನ್ ಡೈಆಕ್ಸೈಡ್ ಸುಮಾರು 31 ಡಿಗ್ರಿಗಿಂತ ಮೇಲೆ ಇದ್ದರೆ ಎಷ್ಟು ಒತ್ತಿದರೂ ದ್ರವ ಬೇರೆಯಾಗಿ ಕಾಣಿಸುವುದಿಲ್ಲ. ಅದು ಅದರ ಕ್ರಾಂತಿಕ ತಾಪ. ಅದರ ಹತ್ತಿರ ಒತ್ತಡ ಸ್ವಲ್ಪ ಏರಿದರೂ ಗಾತ್ರ ಸಿಕ್ಕಾಪಟ್ಟೆ ಇಳಿಯುತ್ತದೆ. 40 ಡಿಗ್ರಿ ಅಂದರೆ ಆ ಬಿಂದುವಿನ ಮಗ್ಗುಲಲ್ಲೇ ನಿಂತ ಹಾಗೆ. ಮೀಥೇನಿನ ಕ್ರಾಂತಿಕ ತಾಪ 190.6 ಕೆಲ್ವಿನ್. ನಾವು 300ರಲ್ಲಿ ಇದ್ದೆವು, ತುಂಬಾ ದೂರ. ಹಾಗಾಗಿ ಅಲ್ಲಿ ಸೂತ್ರಕ್ಕೆ ಕಷ್ಟ ಆಗಲಿಲ್ಲ. ಯಾವ ಅನಿಲವೇ ಕೊಡಲಿ, ಲೆಕ್ಕ ಶುರು ಮಾಡುವ ಮೊದಲು ಅದರ ಕ್ರಾಂತಿಕ ತಾಪ ಮತ್ತು ಒತ್ತಡವನ್ನು ಕೋಷ್ಟಕದಿಂದ ತೆಗೆದು ಪಕ್ಕದಲ್ಲಿ ಬರೆದಿಡಿ.

ಇದರಿಂದ ಇನ್ನೊಂದು ಲಾಭ ಇದೆ. ಘನ ಸಮೀಕರಣಕ್ಕೆ ಮೂರು ಮೂಲಗಳು, ಅಂದರೆ ಮೂರು ಉತ್ತರಗಳು, ಅಂತ ಗಣಿತ ಹೇಳುತ್ತದೆ. ಕ್ರಾಂತಿಕ ತಾಪಕ್ಕಿಂತ ಮೇಲೆ ನಿಜವಾದ ಮೂಲ ಒಂದೇ. ಚಿಂತೆ ಇಲ್ಲ. ಅದಕ್ಕಿಂತ ಕೆಳಗೆ ಮೂರೂ ಬರಬಹುದು. ಆಗ ದೊಡ್ಡದು ಅನಿಲದ ಗಾತ್ರ, ಚಿಕ್ಕದು ದ್ರವದ ಗಾತ್ರ, ನಡುವಿನದಕ್ಕೆ ಅರ್ಥವಿಲ್ಲ. ಮನೆಯ ಅಡುಗೆ ಗ್ಯಾಸ್ ಈ ಎರಡನೆಯ ಜಾತಿ. ಪ್ರೊಪೇನ್‌ನ ಕ್ರಾಂತಿಕ ತಾಪ ಸುಮಾರು 97 ಡಿಗ್ರಿ, ಬ್ಯೂಟೇನ್‌ನದ್ದು 152. ಹಾಗಾಗಿ ನಮ್ಮ 14.2 ಕಿಲೋ ಸಿಲಿಂಡರಿನಲ್ಲಿ ಇರುವುದು ಹೆಚ್ಚಿನ ಪಾಲು ದ್ರವ. ಸಿಎನ್‌ಜಿ ಸಿಲಿಂಡರಿನಲ್ಲಿ ಒಂದು ಹನಿ ದ್ರವವೂ ಇಲ್ಲ. ಇವತ್ತಿನ ಲೆಕ್ಕವನ್ನು ಅಡುಗೆ ಗ್ಯಾಸಿಗೆ ಹಾಗೆಯೇ ಹಾಕಲು ಹೋಗಬೇಡಿ.

ವಾನ್ ಡರ್ ವಾಲ್ಸ್ ಆದ ಮೇಲೆ ಬೇರೆ ಸಮೀಕರಣಗಳು ಬಂದವು. 1949ರಲ್ಲಿ ರೆಡ್ಲಿಕ್ ಮತ್ತು ಕ್ವಾಂಗ್. 1976ರಲ್ಲಿ ಕೆನಡಾದ ಪೆಂಗ್ ಮತ್ತು ರಾಬಿನ್ಸನ್. ಇವೂ ಘನ ಸಮೀಕರಣಗಳೇ, ಬಿಡಿಸುವ ದಾರಿಯೂ ಅದೇ. ಎಳೆತದ ಭಾಗವನ್ನು ತಾಪಕ್ಕೆ ತಕ್ಕ ಹಾಗೆ ಬದಲಾಗುವಂತೆ ಬರೆದರು. ಕೈಗಾರಿಕೆಯಲ್ಲಿ ಇವತ್ತಿಗೂ ಪೆಂಗ್–ರಾಬಿನ್ಸನ್ ಬಹಳ ಬಳಕೆಯಲ್ಲಿದೆ. ಕಾರ್ಬನ್ ಡೈಆಕ್ಸೈಡಿನ ಅದೇ ಲೆಕ್ಕಕ್ಕೆ ಅದು 78 ಮಿಲಿಲೀಟರ್ ಅನ್ನುತ್ತದೆ. 91ಕ್ಕಿಂತ ಎಷ್ಟೋ ವಾಸಿ. ಆದರೆ ನಮ್ಮ ಮೀಥೇನ್ ಲೆಕ್ಕವನ್ನು ಅದರಲ್ಲಿ ಮಾಡಿ ನೋಡಿ, ಝೆಡ್ 0.81 ಬರುತ್ತದೆ. ಇಲ್ಲಿ 1873ರ ಸಮೀಕರಣವೇ ನಿಜಕ್ಕೆ ಹತ್ತಿರ! ಹೊಸ ಸೂತ್ರ ಯಾವಾಗಲೂ ಗೆಲ್ಲುತ್ತದೆ ಅಂತ ಇಲ್ಲ.

ಹಳೆಯದು ಇಲ್ಲಿ ಗೆದ್ದದ್ದಕ್ಕೆ ಕಾರಣ ಅದರ ಎರಡು ತಪ್ಪುಗಳು ಒಂದನ್ನೊಂದು ಸರಿದೂಗಿಸಿದ್ದು. ಬಿ ಬೆಲೆಯನ್ನೇ ನೋಡಿ. ಮೋಲಿಗೆ 43 ಮಿಲಿಲೀಟರ್. ಸೂತ್ರದ ಪ್ರಕಾರ ಎಷ್ಟು ಒತ್ತಿದರೂ ಮೀಥೇನ್ ಅದಕ್ಕಿಂತ ಕಡಿಮೆ ಜಾಗದಲ್ಲಿ ಕೂರಬಾರದು. ಆದರೆ ದ್ರವ ಮೀಥೇನ್, ಕುದಿಯುವ ಬಿಂದುವಿನಲ್ಲಿ, ಮೋಲಿಗೆ 38 ಮಿಲಿಲೀಟರ್ ಜಾಗದಲ್ಲಿ ಆರಾಮಾಗಿ ಕೂತಿದೆ. ಕೊಚ್ಚಿಗೆ ಹಡಗಿನಲ್ಲಿ ಬರುವುದು ಆ ದ್ರವವೇ. ಅಂದರೆ ಬಿ ಬೆಲೆ ಬೇಕಾದ್ದಕ್ಕಿಂತ ದೊಡ್ಡದು. 200 ಬಾರ್‌ನಲ್ಲಿ ಆ ತಪ್ಪನ್ನು ಎ ಮುಚ್ಚಿತು. 400, 500 ಬಾರ್‌ಗೆ ಹೋದರೆ ಮುಚ್ಚಲು ಆಗುವುದಿಲ್ಲ. ಅಲ್ಲಿ ವಾನ್ ಡರ್ ವಾಲ್ಸ್ ಗಾತ್ರವನ್ನು ಜಾಸ್ತಿ ಹೇಳುತ್ತದೆ.

ಯೂನಿಟ್ ಬಗ್ಗೆ ಒಂದೇ ಮಾತು. ಕೆಲವು ಪುಸ್ತಕಗಳಲ್ಲಿ ಎ ಬೆಲೆ ಅಟ್ಮಾಸ್ಫಿಯರ್ ಲೆಕ್ಕದಲ್ಲಿರುತ್ತದೆ. ಆಗ ಮೀಥೇನಿಗೆ 2.27 ಆಗುತ್ತದೆ, ಆರ್ ಕೂಡ 0.08206 ಆಗಬೇಕು. ಎ ಒಂದು ಲೆಕ್ಕದಲ್ಲಿ, ಆರ್ ಇನ್ನೊಂದು ಲೆಕ್ಕದಲ್ಲಿ ಬೆರೆಸಬೇಡಿ.

ಕೊನೆಗೆ ಒಬ್ಬರು ಶಿಕ್ಷಕರು ಕೇಳಿದ ಪ್ರಶ್ನೆ. ಪೈಪಿನಲ್ಲಿ ಬರುವುದು ಶುದ್ಧ ಮೀಥೇನ್ ಅಲ್ಲವಲ್ಲ, ಈಥೇನ್ ಕೂಡ ಇರುತ್ತದಲ್ಲ, ಆಗ ಏನು ಮಾಡುವುದು? ಒಳ್ಳೆಯ ಪ್ರಶ್ನೆ. ಮಿಶ್ರಣಕ್ಕೂ ಇದೇ ಸಮೀಕರಣ. ಬಿ ಬೆಲೆಗೆ ಎರಡರ ಬಿ ಗಳನ್ನು ಮೋಲ್ ಪಾಲಿನ ಪ್ರಕಾರ ಸರಾಸರಿ ಮಾಡಿ. ಎ ಬೆಲೆಗೆ ಮೊದಲು ಎರಡರ ವರ್ಗಮೂಲ ತೆಗೆಯಿರಿ, ಅದನ್ನು ಪಾಲಿನ ಪ್ರಕಾರ ಸರಾಸರಿ ಮಾಡಿ, ಆಮೇಲೆ ವರ್ಗ ಮಾಡಿ. ಯಾಕೆಂದರೆ ಎಳೆತ ಇಬ್ಬರ ನಡುವಿನದ್ದು.

ಲೆಕ್ಕಕ್ಕಾಗಿ ಶೇಕಡಾ 95 ಮೀಥೇನ್, 5 ಈಥೇನ್ ಅಂತ ಇಟ್ಟುಕೊಳ್ಳೋಣ. ಈಥೇನಿಗೆ ಎ 5.58, ಬಿ 0.0651. ಮಿಶ್ರಣಕ್ಕೆ ಎ 2.433, ಬಿ 0.0442 ಬರುತ್ತದೆ. ಅದೇ 200 ಬಾರ್, ಅದೇ 300 ಕೆಲ್ವಿನ್. ಘನ ಸಮೀಕರಣ ಬಿಡಿಸಿದರೆ ಮೋಲಿಗೆ 101.2 ಮಿಲಿಲೀಟರ್. ಗಾತ್ರದಲ್ಲಿ ಬದಲಾವಣೆ ಸಣ್ಣದು. ಆದರೆ ಒಂದು ಮೋಲಿನ ಸರಾಸರಿ ತೂಕ 16.74 ಗ್ರಾಂಗೆ ಏರಿದೆ. ಎರಡೂ ಸೇರಿ 60 ಲೀಟರಿನಲ್ಲಿ 9.9 ಕಿಲೋ. ಶುದ್ಧ ಮೀಥೇನಿಗಿಂತ ಅರ್ಧ ಕಿಲೋ ಜಾಸ್ತಿ. ಈಥೇನ್ ಶೇಕಡಾ 10 ಆದರೆ ಎಷ್ಟಾಗುತ್ತದೆ ಅಂತ ಮನೆಯಲ್ಲಿ ಮಾಡಿಕೊಂಡು ಬನ್ನಿ. ಆದರ್ಶ ಅನಿಲದ 0.1247ರಿಂದಲೇ ಶುರು ಮಾಡಿ, ನ್ಯೂಟನ್ ದಾರಿಯಲ್ಲಿ ಹೋಗಿ.